ಕಾರಿನ ಎಸಿ ತಣ್ಣಗಾಗದಿದ್ದರೆ: ಮನೆಯಲ್ಲಿ ಏನು ನೋಡಬಹುದು, ಆಮೇಲೆ ಯಾರ ಹತ್ತಿರ ಹೋಗಬೇಕು

ಕಾರಿನ ಎಸಿ ಕೈಕೊಟ್ಟಿತು ಅಂತ ಯಾರ ಹತ್ತಿರವೇ ಹೇಳಿ, ಮೊದಲು ಬರುವ ಮಾತು ಒಂದೇ: "ಗ್ಯಾಸ್ ಖಾಲಿ ಆಗಿರ್ಬೇಕು, ತುಂಬಿಸಿಬಿಡಿ." ಪಕ್ಕದ ಮನೆಯವರೂ ಹಾಗೇ ಹೇಳುತ್ತಾರೆ, ಪಂಕ್ಚರ್ ಅಂಗಡಿಯವರೂ ಹಾಗೇ ಹೇಳುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಹಳೇ ಕಾರುಗಳಲ್ಲಿ ರಬ್ಬರ್ ಹೋಸ್, ಸೀಲುಗಳ ಮೂಲಕ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹೋಗುವುದುಂಟು, ಅದು ಬೇರೆ ಮಾತು. ಹೋದ ವರ್ಷ ತುಂಬಿಸಿದ್ದು ಈ ವರ್ಷ ಇಲ್ಲ ಅಂದರೆ ಸೋರಿಕೆ ಹುಡುಕದೆ ಮತ್ತೆ ತುಂಬಿಸುವುದು ಸುಮ್ನೆ ದುಡ್ಡು ಚೆಲ್ಲಿದಂತೆ.

ಮನೆಯಲ್ಲಿ ಪರೀಕ್ಷೆ ಮಾಡಲು ನಾಲ್ಕು ದಾರಿಗಳಿವೆ. ಬರೀ ಕೈ, ಕಣ್ಣು, ಕಿವಿ ಸಾಕು ಅನ್ನುವುದು ಒಂದು. ಥರ್ಮಾಮೀಟರ್ ಹಿಡಿಯುವುದು ಇನ್ನೊಂದು. ಆಮೇಲೆ ಕಾರಿನ ಕಂಪ್ಯೂಟರ್ ಓದಿ ಮೊಬೈಲಿಗೆ ತೋರಿಸುವ ಓಬಿಡಿ ಸ್ಕ್ಯಾನರ್, ಮೆಕ್ಯಾನಿಕ್‌ಗಳು ಬಳಸುವ ಪ್ರೆಶರ್ ಗೇಜ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಎರಡು ಸಾಕು, ಮೂರನೆಯದು ಇದ್ದರೆ ಒಳ್ಳೆಯದು, ನಾಲ್ಕನೆಯದು ಮನೆಗೆ ಬೇಡ. ಮನೆಯ ಪರೀಕ್ಷೆ ರಿಪೇರಿಗಾಗಿ ಅಲ್ಲ. ಯಾವ ಅಂಗಡಿಗೆ ಹೋಗಬೇಕು, ಹೋಗಿ ಏನು ಕೇಳಬೇಕು ಅಂತ ತಿಳಿದುಕೊಳ್ಳುವುದಕ್ಕೆ.

ನಮ್ಮ ತಂಪು ಹವೆಯೇ ದಾರಿ ತಪ್ಪಿಸುತ್ತದೆ

ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿವೆ. ವರ್ಷದ ಬಹುಪಾಲು ಇಲ್ಲಿ ಕಿಟಕಿ ಇಳಿಸಿದರೆ ಸಾಕು. ಹೊರಗೆ 22 ಡಿಗ್ರಿ ಇರುವಾಗ ಅರ್ಧ ಗ್ಯಾಸ್ ಹೋಗಿರುವ ಎಸಿ ಕೂಡ ತಣ್ಣಗೇ ಊದುತ್ತದೆ. ಎಲ್ಲಾ ಸರಿಯಿದೆ ಅಂದುಕೊಂಡು ಧರ್ಮಸ್ಥಳಕ್ಕೋ ಮಂಗಳೂರಿಗೋ ಹೊರಡುತ್ತೇವೆ. ಸಕಲೇಶಪುರ ದಾಟಿ, ಶಿರಾಡಿ ಇಳಿದು ಗುಂಡ್ಯ ಬರುವಷ್ಟರಲ್ಲಿ ಬೆವರು. ಚಾರ್ಮಾಡಿ ಕಡೆಯವರಿಗೆ ಕೊಟ್ಟಿಗೆಹಾರದಲ್ಲಿ ಚಳಿ, ಉಜಿರೆಯಲ್ಲಿ ಸೆಕೆ. ಆಗ ಎಸಿ ಕೆಟ್ಟೇ ಹೋಯಿತು ಅನ್ನಿಸುತ್ತದೆ. ನಿಜ ಏನಂದರೆ ಅದು ಕೆಲವು ತಿಂಗಳಿನಿಂದಲೇ ಸೊರಗಿತ್ತು, ಊರಿನ ಹವೆ ಅದನ್ನು ಮುಚ್ಚಿಟ್ಟಿತ್ತು.

ಕರಾವಳಿಯ ಗಾಳಿಯಲ್ಲಿ ಬಿಸಿಯ ಜೊತೆಗೆ ತೇವವೂ ಜಾಸ್ತಿ. ಗಾಳಿಯಲ್ಲಿರುವ ನೀರಾವಿಯನ್ನು ನೀರು ಮಾಡುವುದಕ್ಕೇ ಎಸಿಯ ಶಕ್ತಿಯ ದೊಡ್ಡ ಪಾಲು ಹೋಗುತ್ತದೆ. ಹಾಗಾಗಿ ಅಲ್ಲಿ ಚೆನ್ನಾಗಿರುವ ಎಸಿಯೂ ಇಲ್ಲಿಯಷ್ಟು ತಣ್ಣಗೆ ಊದುವುದಿಲ್ಲ. ಇದನ್ನು ತಿಳಿಯದೆ ಘಾಟಿ ಕೆಳಗೆ ಗಾಬರಿಬಿದ್ದು ಗ್ಯಾಸ್ ತುಂಬಿಸಿಕೊಂಡು ಬರುವವರಿದ್ದಾರೆ.

ಇನ್ನೊಂದು ವಿಷಯ. ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೆ ಸಣ್ಣ ಎಂಜಿನ್‌ನ ಹಲವು ಕಾರುಗಳು ಎಸಿ ಕಂಪ್ರೆಸರನ್ನು (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಕೆಲವು ಕ್ಷಣ ತಾವಾಗಿಯೇ ನಿಲ್ಲಿಸುತ್ತವೆ. ಎಂಜಿನ್ ಜಾಸ್ತಿ ಬಿಸಿಯಾದರೂ ಹಾಗೇ. ತಿರುವಿನಲ್ಲಿ ಗಾಳಿ ಸ್ವಲ್ಪ ಬೆಚ್ಚಗಾಗಿ ಮತ್ತೆ ತಣ್ಣಗಾದರೆ ಅದು ರೋಗ ಅಲ್ಲ. ಆದರೆ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿದ್ದರೆ ಎಸಿ ಮರೆತು ಮೊದಲು ಎಂಜಿನ್ ನೋಡಿ.

ಹಾಗಾಗಿ ಪರೀಕ್ಷೆಯನ್ನು ಮಾರ್ಚ್-ಏಪ್ರಿಲ್‌ನಲ್ಲಿ, ನಡುಮಧ್ಯಾಹ್ನ, ಕಾರು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತ ಮೇಲೆ ಮಾಡಿ. ಕಡೂರು, ಅರಸೀಕೆರೆ ಕಡೆ ಕೆಲಸ ಇದ್ದರೆ ಇನ್ನೂ ಒಳ್ಳೆಯದು, ಬಯಲುಸೀಮೆಯ ಬಿಸಿಲಿನಲ್ಲಿ ಎಸಿಯ ಬಣ್ಣ ಬಯಲಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಮೂಡಿಗೆರೆಯಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಕೈ, ಕಣ್ಣು, ಕಿವಿ

ದುಡ್ಡು ಖರ್ಚಿಲ್ಲದ ದಾರಿ ಇದು. ಬೇರೆ ಯಾವುದಕ್ಕೂ ಮೊದಲು ಇದನ್ನೇ ಮಾಡಬೇಕು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹ್ಯಾಂಡ್‌ಬ್ರೇಕ್ ಹಾಕಿ. ಸಡಿಲ ತೋಳು, ಶಾಲು, ದುಪ್ಪಟ್ಟಾ ಬಾನೆಟ್ ಹತ್ತಿರ ಬರಬಾರದು. ಬೆಲ್ಟ್ ತಿರುಗುತ್ತಿರುತ್ತದೆ, ಫ್ಯಾನ್ ಯಾವ ಕ್ಷಣದಲ್ಲಾದರೂ ಶುರುವಾಗಬಹುದು.

ಮೊದಲ ಪ್ರಶ್ನೆ: ಗಾಳಿ ಬರುತ್ತಿಲ್ಲವೋ, ಗಾಳಿ ಬರುತ್ತಿದೆ ಆದರೆ ತಣ್ಣಗಿಲ್ಲವೋ? ಇವೆರಡೂ ಬೇರೆ ಬೇರೆ ತೊಂದರೆಗಳು. ಅಂಗಡಿಗೆ ಹೋಗಿ ಬರೀ "ಎಸಿ ಸರಿ ಇಲ್ಲ" ಅಂದರೆ ಎರಡೂ ಕಲಸಿಹೋಗುತ್ತವೆ.

ಗಾಳಿಯೇ ಕಡಿಮೆ ಅಂದರೆ ಮೊದಲು ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಬಹಳಷ್ಟು ಕಾರುಗಳಲ್ಲಿ ಅದು ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಫಿಲ್ಟರೇ ಇರುವುದಿಲ್ಲ. ಗ್ಲವ್ ಬಾಕ್ಸ್ ಬಿಚ್ಚಿ ಫಿಲ್ಟರ್ ಎಳೆದು, ಒಂದು ನಿಮಿಷ ಅದಿಲ್ಲದೆ ಬ್ಲೋವರ್ (ಒಳಗೆ ಗಾಳಿ ಊದುವ ಫ್ಯಾನ್) ಓಡಿಸಿ. ಗಾಳಿ ಒಮ್ಮೆಲೇ ಜಾಸ್ತಿಯಾದರೆ ಕಳ್ಳ ಸಿಕ್ಕ. ತೋಟದ ಕಡೆಯ ಕಾರುಗಳಲ್ಲಿ ಈ ಫಿಲ್ಟರ್ ನೋಡುವುದೇ ಒಂದು ಅನುಭವ. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸುವ ಕಾರಿನ ಮುಂಗಾಜಿನ ಬುಡದಲ್ಲಿ ಎಲೆ ಸೇರಿ, ಅದರ ಚೂರುಗಳು ಒಳಗೆ ಹೋಗಿ ಗೊಬ್ಬರವಾಗಿರುತ್ತವೆ. ಇಲಿ ಗೂಡು ಕಟ್ಟಿರುವುದೂ ಉಂಟು. ಫಿಲ್ಟರ್ ಕಚ್ಚಿ ಹರಿದಿದ್ದರೆ ಅಲ್ಲಿಗೇ ಬಿಡಬೇಡಿ, ಬಾನೆಟ್ ತೆಗೆದು ವೈರುಗಳನ್ನೂ ನೋಡಿ. ಕಂಪ್ರೆಸರಿಗೆ ಹೋಗುವ ಸಣ್ಣ ವೈರ್ ಒಂದನ್ನು ಇಲಿ ಕಡಿದಿದ್ದರೂ ಎಸಿ ಪೂರ್ತಿ ಸತ್ತಂತೆ ಕಾಣುತ್ತದೆ. ಆಗ ಎಷ್ಟು ಗ್ಯಾಸ್ ತುಂಬಿಸಿದರೂ ಪ್ರಯೋಜನವಿಲ್ಲ.

ಬ್ಲೋವರ್ ಒಂದು, ಎರಡು, ಮೂರರಲ್ಲಿ ಓಡದೆ ನಾಲ್ಕರಲ್ಲಿ ಮಾತ್ರ ಓಡಿದರೆ ಬಹುತೇಕ ಅದು ವೇಗ ಬದಲಿಸುವ ಬ್ಲೋವರ್ ರೆಸಿಸ್ಟರ್. ಸಣ್ಣ ಭಾಗ, ಮಾಮೂಲಿ ಮೆಕ್ಯಾನಿಕ್ ಕೆಲಸ. ಯಾವುದರಲ್ಲೂ ಓಡದಿದ್ದರೆ ಫ್ಯೂಸ್, ಆಮೇಲೆ ಮೋಟಾರ್.

ಗಾಳಿ ಚೆನ್ನಾಗಿದೆ, ತಂಪಿಲ್ಲ ಅಂದರೆ ಬಾನೆಟ್ ತೆರೆಯಿರಿ. ಒಬ್ಬರು ಒಳಗೆ ಕೂತು ಎಸಿ ಒತ್ತಲಿ. ಕಂಪ್ರೆಸರಿನಿಂದ ಟಕ್ ಅಂತ ಸದ್ದು ಬರಬೇಕು, ಎಂಜಿನ್ ಸದ್ದು ಸ್ವಲ್ಪ ಬದಲಾಗಬೇಕು. ಪುಲ್ಲಿಯ ಹೊರವರ್ತುಲ ಯಾವಾಗಲೂ ತಿರುಗುತ್ತಿರುತ್ತದೆ. ಅದರ ಮಧ್ಯದ ತಟ್ಟೆ (ಕ್ಲಚ್) ಎಸಿ ಹಾಕಿದಾಗ ಮಾತ್ರ ತಿರುಗಲು ಶುರುಮಾಡಬೇಕು. ಮಧ್ಯಭಾಗ ನಿಂತೇ ಇದ್ದರೆ ಕಾರಣ ಹಲವು: ಫ್ಯೂಸ್, ರಿಲೇ (ಕರೆಂಟ್ ಬಿಡುವ ಸಣ್ಣ ಸ್ವಿಚ್), ಕಡಿದ ವೈರ್, ಕ್ಲಚ್ ಕಾಯಿಲ್, ಇಲ್ಲವೇ ಗ್ಯಾಸ್ ತೀರಾ ಕಡಿಮೆಯಾಗಿ ಪ್ರೆಶರ್ ಸ್ವಿಚ್ ತಡೆದಿರುವುದು. ಫ್ಯೂಸ್ ಬಾಕ್ಸ್ ಮುಚ್ಚಳದ ಚಿತ್ರದಲ್ಲಿ ಎಸಿ ರಿಲೇ ಎಲ್ಲಿದೆ ಅಂತ ಇರುತ್ತದೆ. ಅದೇ ನಂಬರಿನ ರಿಲೇ ಹಾರ್ನ್‌ಗೂ ಇದ್ದರೆ, ಎಂಜಿನ್ ಆರಿಸಿ ಎರಡನ್ನೂ ಅದಲು ಬದಲು ಮಾಡಿ ನೋಡಬಹುದು. ಎಸಿ ಓಡಿ ಹಾರ್ನ್ ನಿಂತರೆ ರಿಲೇ ಕೆಟ್ಟಿದೆ. ಹೊಸ ಕಾರುಗಳಲ್ಲಿ ಕೆಲವಕ್ಕೆ ಕ್ಲಚ್ಚೇ ಇಲ್ಲದ ಕಂಪ್ರೆಸರ್ ಇರುತ್ತದೆ, ಅಲ್ಲಿ ಟಕ್ ಸದ್ದು ಹುಡುಕಿದರೆ ಸಿಗುವುದಿಲ್ಲ.

ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತಿದ್ದರೆ ಗ್ಯಾಸ್ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಬಿಸಿಲಿನ ದಿನ ಅದು ಬಹುಪಾಲು ಸರಿ. ಆದರೆ ಮಲೆನಾಡಿನ ತಂಪು ದಿನ, ಒಳಗೆ ಆಗಲೇ ತಣ್ಣಗಿದ್ದರೆ, ಆರೋಗ್ಯವಾಗಿರುವ ಎಸಿಯೂ ಪದೇಪದೇ ಹಿಡಿದು ಬಿಡುತ್ತದೆ. ನಮ್ಮ ಕಡೆ ಇದೊಂದನ್ನೇ ನಂಬಿ ಗ್ಯಾಸ್ ತೀರ್ಮಾನ ಮಾಡಬಾರದು.

ಈಗ ಪೈಪುಗಳು. ಐದು ನಿಮಿಷ ಎಸಿ ಓಡಿದ ಮೇಲೆ ಡ್ಯಾಶ್‌ಬೋರ್ಡ್ ಕಡೆಯಿಂದ ಕಂಪ್ರೆಸರಿಗೆ ಬರುವ ದಪ್ಪ ಪೈಪ್ ತಣ್ಣಗಿದ್ದು ಬೆವರಬೇಕು. ಒಳಗೆ ಹೋಗುವ ಸಣ್ಣ ಪೈಪ್ ಬೆಚ್ಚಗಿರಬೇಕು. ಕಂಪ್ರೆಸರಿನಿಂದ ಕಂಡೆನ್ಸರಿಗೆ (ಗ್ರಿಲ್ ಹಿಂದಿನ ಜಾಲರಿ) ಹೋಗುವ ಪೈಪ್ ಮಾತ್ರ ಕೈ ಸುಡುವಷ್ಟು ಬಿಸಿ, ಅದನ್ನು ಮುಟ್ಟಬೇಡಿ. ಕಂಪ್ರೆಸರ್ ತಿರುಗುತ್ತಿದ್ದೂ ಪೈಪುಗಳಲ್ಲಿ ತಂಪು-ಬಿಸಿ ವ್ಯತ್ಯಾಸವೇ ಇಲ್ಲ ಅಂದರೆ ಗ್ಯಾಸ್ ಇಲ್ಲ ಅಥವಾ ಕಂಪ್ರೆಸರ್ ಒತ್ತುತ್ತಿಲ್ಲ. ಪೈಪಿನ ಜೋಡಣೆಗಳಲ್ಲಿ ಎಣ್ಣೆ ಹತ್ತಿ ಧೂಳು ಮೆತ್ತಿಕೊಂಡಿದ್ದರೆ ಅಲ್ಲೇ ಸೋರುತ್ತಿರುವ ಸಾಧ್ಯತೆ ಹೆಚ್ಚು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತದೆ, ಸೋರುವಾಗ ಗುರುತು ಬಿಟ್ಟೇ ಸೋರುತ್ತದೆ. ಆ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಅನ್ನುವುದು ತುಂಬಾ ಜನ ಹೇಳುವ ದೂರು. ಇದಕ್ಕೆ ಗ್ಯಾಸ್‌ಗಿಂತ ಮೊದಲು ಕಂಡೆನ್ಸರ್ ಮತ್ತು ಫ್ಯಾನ್ ನೋಡಬೇಕು. ಗ್ರಿಲ್ ಹಿಂದೆ, ರೇಡಿಯೇಟರ್ ಮುಂದೆ ಇರುವ ಜಾಲರಿಯೇ ಕಂಡೆನ್ಸರ್. ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಅದರ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ತಿರುಗುತ್ತಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಕಾರು ನಿಂತಲ್ಲೇ ಎಸಿ ಓಡುತ್ತಿರಲಿ, ಗಿಡಕ್ಕೆ ನೀರು ಬಿಡುವ ಪೈಪಿನಿಂದ ಕಂಡೆನ್ಸರ್ ಮೇಲೆ ನಿಧಾನಕ್ಕೆ ನೀರು ಹಾಯಿಸಿ. ಒಳಗಿನ ಗಾಳಿ ತಕ್ಷಣ ತಣ್ಣಗಾದರೆ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ ಅನ್ನುವ ಸಾಧ್ಯತೆ ಹೆಚ್ಚು. ತೋಟದ ಮಣ್ಣು ರಸ್ತೆಯಲ್ಲಿ ಓಡಾಡುವ ಕಾರಿನ ಕಂಡೆನ್ಸರಿನಲ್ಲಿ ಕೆಸರು ಒಣಗಿ ಕೂತಿರುತ್ತದೆ. ಅದನ್ನು ಸಾಧಾರಣ ನೀರಿನಲ್ಲೇ ತೊಳೆಯಿರಿ. ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ಹತ್ತಿರದಿಂದ ಹಿಡಿದರೆ ತೆಳು ರೆಕ್ಕೆಗಳು ಮಡಚಿ, ಇರುವ ದಾರಿಯೂ ಮುಚ್ಚುತ್ತದೆ.

ಮೊದಲು ಚೆನ್ನಾಗಿ ತಣ್ಣಗಿದ್ದು, ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ ಗಾಳಿಯೇ ಕಡಿಮೆಯಾಗಿ, ಎಸಿ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಸರಿಯಾಗುತ್ತದೆ. ಹೀಗಾದರೆ ಗಾಳಿಯನ್ನು ತಣ್ಣಗೆ ಮಾಡುವ ಒಳಗಿನ ಜಾಲರಿ, ಅಂದರೆ ಇವಾಪರೇಟರ್ ಮೇಲೆ ಐಸ್ ಕಟ್ಟುತ್ತಿದೆ. ತಾಪ ನೋಡುವ ಸೆನ್ಸರ್ ಕೆಟ್ಟಿರಬಹುದು, ಫಿಲ್ಟರ್ ಕಟ್ಟಿರಬಹುದು, ಗ್ಯಾಸ್ ಸ್ವಲ್ಪ ಕಡಿಮೆಯೂ ಇರಬಹುದು. ಈ ತೊಂದರೆ ಅಂಗಡಿಯಲ್ಲಿ ಹತ್ತು ನಿಮಿಷ ನೋಡಿದರೆ ಕಾಣುವುದಿಲ್ಲ. ನೀವೇ ಬಾಯಿಬಿಟ್ಟು ಹೇಳಬೇಕು.

ಉಳಿದ ಸಣ್ಣಪುಟ್ಟವು: ಪಕ್ಕದ ಸೀಟಿನವರ ಕಾಲಡಿ ನೀರು ಬಂದರೆ ಎಸಿಯ ನೀರು ಹೊರಬಿಡುವ ಡ್ರೈನ್ ಪೈಪ್ ಕಟ್ಟಿದೆ. ಆ ನೀರು ಅಂಟಂಟಾಗಿ ಸಿಹಿ ವಾಸನೆ ಇದ್ದರೆ ಅದು ಎಂಜಿನ್ ತಣ್ಣಗಿಡುವ ಕೂಲೆಂಟ್, ಹೀಟರಿಗೆ ಬಿಸಿ ಕೊಡುವ ಹೀಟರ್ ಕೋರ್ ಸೋರುತ್ತಿದೆ. ಡ್ಯಾಶ್‌ಬೋರ್ಡ್ ಒಳಗೆ ಟಕಟಕ ಸದ್ದು ಬಂದು ಒಂದು ಕಡೆ ಬಿಸಿ ಒಂದು ಕಡೆ ತಂಪು ಆದರೆ ಗಾಳಿ ತಿರುಗಿಸುವ ಫ್ಲಾಪ್‌ನ ಮೋಟಾರ್. ಹಸಿ ವಾಸನೆಗೆ ಕಾರಣ ಇವಾಪರೇಟರ್ ಮೇಲಿನ ಬೂಷ್ಟು. ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಎಸಿ ಆರಿಸಿ ಬರೀ ಬ್ಲೋವರ್ ಓಡಿಸುವ ಅಭ್ಯಾಸ ಮಾಡಿದರೆ ಒಳಗೆ ಒಣಗಿ ಅದು ಕಡಿಮೆಯಾಗುತ್ತದೆ.

ಥರ್ಮಾಮೀಟರ್, ಸ್ಕ್ಯಾನರ್, ಗೇಜ್

ಕೈಗೆ ತಣ್ಣಗೆ ಅನ್ನಿಸುವುದು ನಂಬಿಕೆಗೆ ಅರ್ಹ ಅಲ್ಲ. ಬಿಸಿಲಲ್ಲಿ ಬಂದವರಿಗೆ 15 ಡಿಗ್ರಿಯೂ ಸ್ವರ್ಗ. ಅದಕ್ಕೇ ಕಡ್ಡಿಯಂತಹ ಡಿಜಿಟಲ್ ಥರ್ಮಾಮೀಟರ್ ಒಂದಿರಲಿ, ಅಡುಗೆಗೆ ಬಳಸುವಂಥದ್ದು. ಜ್ವರ ನೋಡುವುದು ಆಗುವುದಿಲ್ಲ. ದೂರದಿಂದ ತೋರಿಸುವ ಲೇಸರ್ ಗನ್ ಕೂಡ ಬೇಡ, ಅದು ಗಾಳಿಯನ್ನು ಅಳೆಯುವುದಿಲ್ಲ, ಎದುರಿನ ಪ್ಲಾಸ್ಟಿಕ್ಕನ್ನು ಅಳೆಯುತ್ತದೆ.

ಕಿಟಕಿ ಮುಚ್ಚಿ, ರೀಸರ್ಕ್ಯುಲೇಶನ್ (ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್) ಹಾಕಿ, ತಂಪು ಪೂರ್ತಿ, ಬ್ಲೋವರ್ ಮಧ್ಯಮ. ಮಧ್ಯದ ಕಿಂಡಿಯೊಳಗೆ ಥರ್ಮಾಮೀಟರ್ ತೂರಿಸಿ, ಎಂಜಿನ್ ಸುಮಾರು 1500 ಆರ್‌ಪಿಎಂನಲ್ಲಿ ಹತ್ತು ನಿಮಿಷ. ಹೊರಗಿನ ನೆರಳಿನ ತಾಪವನ್ನೂ ಬರೆದುಕೊಳ್ಳಿ. ಹೊರಗೆ 30 ಡಿಗ್ರಿ ಆಸುಪಾಸು ಇದ್ದು ಕಿಂಡಿಯಲ್ಲಿ 5ರಿಂದ 10 ಡಿಗ್ರಿ ಬಂದರೆ ಎಸಿ ಚೆನ್ನಾಗಿದೆ, ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ. 15 ದಾಟಿದರೆ ಎಲ್ಲೋ ತೊಂದರೆ ಇದೆ. ನಿಂತಾಗ 16 ಇದ್ದು ಓಡುವಾಗ 8 ಬಂದರೆ ಮತ್ತೆ ಕಂಡೆನ್ಸರ್, ಫ್ಯಾನ್ ಕಡೆಗೇ ಬೆರಳು. ರೀಸರ್ಕ್ಯುಲೇಶನ್ ಹಾಕಿದರೂ ಹೊರಗಿನ ಗಾಳಿಗೆ ಹಾಕಿದರೂ ಅಂಕಿಯಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೆ ಒಳಗಿನ ಫ್ಲಾಪ್ ಸಿಕ್ಕಿಹಾಕಿಕೊಂಡಿರಬಹುದು. ಇಷ್ಟು ಸಣ್ಣ ಸಾಧನ ಇಷ್ಟೆಲ್ಲ ಹೇಳುವಾಗ ದುಬಾರಿ ಉಪಕರಣ ಯಾಕೆ? ರಿಪೇರಿ ಆದ ಮೇಲೂ ಅದೇ ಹೊತ್ತಿನಲ್ಲಿ, ಅದೇ ರೀತಿ ಮತ್ತೆ ಅಳೆದರೆ ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಅಂತ ಗೊತ್ತಾಗುತ್ತದೆ.

ಓಬಿಡಿ ಸ್ಕ್ಯಾನರ್ ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಯಾಗುತ್ತದೆ. ಎಂಜಿನ್ ಕಂಪ್ಯೂಟರ್ ಬರೆದಿಟ್ಟ ತಪ್ಪುಗಳನ್ನು ಓದುತ್ತದೆ. ಎಸಿಗೆ ಸಂಬಂಧಿಸಿದವು ಕೆಲವು ಇವೆ. ಪಿ0532, ಪಿ0533 ಬಂದರೆ ಪ್ರೆಶರ್ ಸೆನ್ಸರಿನ ಸರ್ಕ್ಯೂಟ್, ಪಿ0645 ಬಂದರೆ ಕ್ಲಚ್ ರಿಲೇಯ ಸರ್ಕ್ಯೂಟ್. ವೈರ್ ಕಡಿದಿರುವ ಅನುಮಾನ ಇದ್ದಾಗ ಇದು ಉಪಯೋಗ. ಆದರೆ ಅಗ್ಗದ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಕ್ಲೈಮೇಟ್ ಕಂಟ್ರೋಲ್ ಕಂಪ್ಯೂಟರಿನ ಒಳಗೆ ಇಣುಕುವುದಿಲ್ಲ. ಕೋಡ್ ಇಲ್ಲ ಅಂದಮಾತ್ರಕ್ಕೆ ತೊಂದರೆ ಇಲ್ಲ ಅಂತ ಅಲ್ಲ. ಎಸಿಗಾಗಿಯೇ ಕೊಳ್ಳಬೇಡಿ, ಇದ್ದರೆ ಬಳಸಿ.

ಇನ್ನು ಗೇಜ್ ಸೆಟ್. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ, ಕೆಂಪು ನೀಲಿ ಡಯಲ್ ನೋಡಿದರೆ ಆಸೆಯೂ ಆಗುತ್ತದೆ. ನಾನು ಬೇಡ ಅನ್ನುವುದಕ್ಕೆ ಕಾರಣ ಇದೆ. ಎಂಜಿನ್ ನಿಂತಿರುವಾಗ 25 ಡಿಗ್ರಿಯಲ್ಲಿ, ಬಹಳಷ್ಟು ಕಾರುಗಳ ಎಸಿಯಲ್ಲಿರುವ ಆರ್134ಎ ಗ್ಯಾಸಿನ ಒತ್ತಡ ಸುಮಾರು 80 ಪಿಎಸ್ಐ ತೋರಿಸುತ್ತದೆ. ಒಳಗೆ 400 ಗ್ರಾಂ ಇದ್ದರೂ ಅಷ್ಟೇ, 150 ಗ್ರಾಂ ಇದ್ದರೂ ಅಷ್ಟೇ. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೆ ಒತ್ತಡವನ್ನು ನಿರ್ಧರಿಸುವುದು ತಾಪ, ತೂಕ ಅಲ್ಲ. ಅಂದರೆ ನಿಂತ ಕಾರಿಗೆ ಗೇಜ್ ಹಾಕಿ "ಗ್ಯಾಸ್ ಫುಲ್ ಇದೆ" ಅನ್ನುವುದಕ್ಕೆ ಅರ್ಥವೇ ಇಲ್ಲ, ಯಾರೇ ಹೇಳಲಿ. ಓಡುವಾಗಿನ ಎರಡು ಒತ್ತಡಗಳನ್ನು, ಅಂದರೆ ಕಂಪ್ರೆಸರಿಗೆ ಬರುವ ಕಡೆಯದು ಮತ್ತು ಅಲ್ಲಿಂದ ಹೊರಡುವ ಕಡೆಯದು, ಒಟ್ಟಿಗೆ ಓದಬೇಕು. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಜಾಸ್ತಿ ತುಂಬಿರಬಹುದು, ಕಂಡೆನ್ಸರ್ ಕಟ್ಟಿರಬಹುದು, ಒಳಗೆ ಗಾಳಿ ಸೇರಿರಬಹುದು. ಬರುವ ಕಡೆಯದು ಜಾಸ್ತಿ, ಹೊರಡುವ ಕಡೆಯದು ಕಡಿಮೆ ಅಂದರೆ ಕಂಪ್ರೆಸರ್ ಸೋತಿದೆ. ಇದನ್ನು ಹವೆಗೆ ತಕ್ಕಂತೆ ಓದುವ ಅಭ್ಯಾಸ ದಿನಾ ಮಾಡುವವರಿಗೆ ಬರುತ್ತದೆ. ನಾವು ಜೋಡಿಸಿ ಬಿಚ್ಚುವಾಗ ಗ್ಯಾಸ್ ಸ್ವಲ್ಪ ಹೊರಹೋಗುತ್ತದೆ, ಹೋಸಿನ ಗಾಳಿ ಒಳಹೋಗುತ್ತದೆ. ಚಿಮ್ಮಿದ ದ್ರವ ಕೈಗೋ ಕಣ್ಣಿಗೋ ಬಿದ್ದರೆ ಹಿಮದ ಗಾಯ. ಆರ್134ಎ ಕುದಿಯುವುದೇ ಮೈನಸ್ 26 ಡಿಗ್ರಿಯಲ್ಲಿ.

ಮನೆಯಲ್ಲೇ ತುಂಬುವ ಗ್ಯಾಸ್ ಕ್ಯಾನ್‌ಗೂ ಇದೇ ಮಾತು. ಸೋರಿಕೆ ಮುಚ್ಚುವ ಸೀಲೆಂಟ್ ಬೆರೆತ ಕ್ಯಾನ್ ಅಂತೂ ಬೇಡವೇ ಬೇಡ. ಅದು ಇವಾಪರೇಟರಿಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ಕಿಂಡಿಯನ್ನೂ ಮುಚ್ಚಬಹುದು, ಆಮೇಲೆ ಅಂಗಡಿಯವರ ಮಿಷಿನ್ನನ್ನೂ ಹಾಳುಮಾಡಬಹುದು.

ಮಳೆಗಾಲದ ಪರೀಕ್ಷೆ

ಮೂಡಿಗೆರೆ, ಸಕಲೇಶಪುರ ಕಡೆಯವರಿಗೆ ಎಸಿ ಬೇಕಾಗುವುದು ಬೇಸಿಗೆಗಿಂತ ಜೂನ್-ಜುಲೈಯಲ್ಲಿ. ಮುಂಗಾಜಿನ ಮಂಜು ಬಿಡಿಸುವುದಕ್ಕೆ. ಎಸಿ ಗಾಳಿಯ ತೇವ ಹಿಂಡುತ್ತದೆ, ಅದಕ್ಕೇ ಮಂಜು ಬೇಗ ಬಿಡುತ್ತದೆ. ಚಳಿಯಾದರೆ ಹೀಟರ್ ಮತ್ತು ಎಸಿ ಎರಡನ್ನೂ ಒಟ್ಟಿಗೆ ಹಾಕಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ರೀಸರ್ಕ್ಯುಲೇಶನ್ ತೆಗೆದು ಹೊರಗಿನ ಗಾಳಿ ಬಿಡಿ, ಗಾಳಿಯನ್ನು ಗಾಜಿಗೆ ತಿರುಗಿಸಿ. ಕೆಲವು ನಿಮಿಷದಲ್ಲಿ ಗಾಜು ತಿಳಿಯಾಗಬೇಕು. ಆಗದಿದ್ದರೆ ಎಸಿ ದೀಪ ಉರಿಯುತ್ತಿದ್ದರೂ ಕಂಪ್ರೆಸರ್ ಓಡುತ್ತಿಲ್ಲ ಅಂತ ಅನುಮಾನಪಡಿ. ಒದ್ದೆ ಮ್ಯಾಟ್, ಕಟ್ಟಿದ ಡ್ರೈನ್ ಪೈಪ್ ಇದ್ದರೂ ಹೀಗಾಗುತ್ತದೆ. ಮಂಜು ಗಾಜಿನ ಹೊರಗೆ ಕೂತಿದ್ದರೆ ಅದು ಬೇರೆ. ಎಸಿ ಗಾಜನ್ನು ಜಾಸ್ತಿ ತಣ್ಣಗೆ ಮಾಡಿದೆ, ವೈಪರ್ ಹಾಕಿ ಗಾಳಿಯನ್ನು ಬೇರೆ ಕಡೆ ತಿರುಗಿಸಿ.

ಥರ್ಮಾಮೀಟರ್ ಕೆಲಸಕ್ಕೆ ಬಾರದ ತಂಪು ತಿಂಗಳುಗಳಲ್ಲಿ ಇನ್ನೊಂದು ಗುರುತು ನೀರು. ಬಾಗಿಲಿಲ್ಲದ ಶೆಡ್ಡಿನಡಿ ಒಣ ನೆಲದ ಮೇಲೆ ಕಾಲು ಗಂಟೆ ಎಸಿ ಓಡಿಸಿ. ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಇವಾಪರೇಟರ್ ತಣ್ಣಗಾಗುತ್ತಿದೆ, ಗ್ಯಾಸ್ ಅಷ್ಟಾದರೂ ಇದೆ.

ಯಾರ ಹತ್ತಿರ ಹೋಗಬೇಕು

ಇಲ್ಲಿಯೇ ದುಡ್ಡು ಉಳಿಯುವುದು ಅಥವಾ ಹೋಗುವುದು.

ಫ್ಯಾನ್, ರಿಲೇ, ಬೆಲ್ಟ್, ಇಲಿ ಕಡಿದ ವೈರ್, ರೆಸಿಸ್ಟರ್, ಫಿಲ್ಟರ್ ಅಂತ ಮನೆಯಲ್ಲೇ ಗೊತ್ತಾದರೆ ನಿಮ್ಮ ಮಾಮೂಲಿ ಮೆಕ್ಯಾನಿಕ್ ಅಥವಾ ಆಟೋ ಎಲೆಕ್ಟ್ರಿಷಿಯನ್ ಸಾಕು. ಇದಕ್ಕೆ ಎಸಿ ಅಂಗಡಿಗೆ ಹೋದರೆ ಸುಮ್ನೆ ಗ್ಯಾಸೂ ಬದಲಾಗುತ್ತದೆ, ಬಿಲ್ಲೂ ಬೆಳೆಯುತ್ತದೆ.

ವಾರಂಟಿ ಇರುವ ಕಾರಿಗೆ ಯೋಚನೆಯೇ ಬೇಡ, ಕಂಪನಿ ಸರ್ವಿಸ್ ಸೆಂಟರ್. ಹೊರಗೆ ಕೈ ಹಾಕಿಸಿದರೆ ಆ ಭಾಗದ ವಾರಂಟಿಗೆ ತಕರಾರು ಬರಬಹುದು. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಆರ್1234ವೈಎಫ್ ಅಂತ ಇದ್ದರೂ ಅಲ್ಲಿಗೇ ಹೋಗಿ. ಅದಕ್ಕೆ ಮಿಷಿನ್ನೂ ಬೇರೆ, ಗ್ಯಾಸೂ ಬೇರೆ, ಸ್ವಲ್ಪ ಉರಿಯುವ ಗುಣವೂ ಇದೆ. ಅಗ್ಗ ಅಂತ ಆರ್134ಎ ತುಂಬಿಸಬಾರದು. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಂಪ್ರೆಸರ್ ಹೈ ವೋಲ್ಟೇಜ್‌ನಲ್ಲಿ ಓಡುತ್ತದೆ, ಎಣ್ಣೆಯೂ ಬೇರೆ. ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ಮನೆಯ ಪರೀಕ್ಷೆಯೂ ಬೇಡ.

ಐದಾರು ವರ್ಷ ದಾಟಿದ, ಆರ್134ಎ ಗ್ಯಾಸಿನ ಕಾರಿಗೆ ನನ್ನ ಓಟು ಎಸಿ ಕೆಲಸವನ್ನೇ ಮಾಡುವ ಅಂಗಡಿಗೆ. ಸರ್ವಿಸ್ ಸೆಂಟರಿನಲ್ಲಿ ಸಾಮಾನ್ಯವಾಗಿ ಪೂರ್ತಿ ಕಂಪ್ರೆಸರ್ ಬದಲಾಯಿಸುತ್ತಾರೆ. ಇವರು ಕ್ಲಚ್ ಬೇರಿಂಗ್ ಒಂದನ್ನೇ, ಓ-ರಿಂಗ್ (ಜೋಡಣೆಯ ರಬ್ಬರ್ ಬಳೆ) ಒಂದನ್ನೇ, ಹೋಸ್ ಒಂದನ್ನೇ ಹಾಕಿಕೊಡುತ್ತಾರೆ. ಬೇಕಾದ ಭಾಗ ಬೆಂಗಳೂರಿನಿಂದ ಬರಬೇಕಾದರೆ ಒಂದೆರಡು ದಿನ ತಡ, ಅಷ್ಟೇ. ಆದರೆ ಎಲ್ಲಾ ಎಸಿ ಅಂಗಡಿಗಳೂ ಒಂದೇ ಅಲ್ಲ. ಬರೀ ಸಿಲಿಂಡರ್, ಹೋಸ್ ಇಟ್ಟುಕೊಂಡು ಅಂದಾಜಿನಲ್ಲಿ ತುಂಬುವವರೂ ಎಸಿ ಸ್ಪೆಷಲಿಸ್ಟ್ ಅಂತಲೇ ಬೋರ್ಡ್ ಹಾಕಿರುತ್ತಾರೆ. ವ್ಯತ್ಯಾಸ ತಿಳಿಯಲು ಒಂದು ಪ್ರಶ್ನೆ ಸಾಕು: ಹಳೇ ಗ್ಯಾಸ್ ಹೊರತೆಗೆದು ತೂಕ ಮಾಡ್ತೀರಾ?

ಯಾಕೆಂದರೆ ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಸಣ್ಣ ಕಾರುಗಳಲ್ಲಿ ಅದು 400 ಗ್ರಾಂ ಆಸುಪಾಸು. ಮಿಷಿನ್ ಹೊರತೆಗೆದದ್ದು 380 ಗ್ರಾಂ ಇದ್ದರೆ ತೊಂದರೆ ಗ್ಯಾಸಿನಲ್ಲಿ ಇಲ್ಲ, ಬೇರೆ ಎಲ್ಲೋ ಇದೆ. 150 ಗ್ರಾಂ ಬಂದರೆ ಸೋರಿಕೆ ಖಚಿತ. ಇಷ್ಟು ನಿಖರವಾದ ಉತ್ತರ ಬೇರೆ ಯಾವ ಪರೀಕ್ಷೆಯಲ್ಲೂ ಸಿಗುವುದಿಲ್ಲ. ತುಂಬುವಾಗಲೂ ತೂಕವೇ ಮುಖ್ಯ. ಇಷ್ಟು ಸಣ್ಣ ಪ್ರಮಾಣದಲ್ಲಿ 50, 100 ಗ್ರಾಂ ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಪೆಟ್ಟು.

ಸೋರಿಕೆ ಇದ್ದರೆ ನೈಟ್ರೋಜನ್ ಒತ್ತಡ ಹಾಕಿ ನೋಡಲಿ, ಅಥವಾ ಹೊಳೆಯುವ ಡೈ ಹಾಕಿ ಯುವಿ ಟಾರ್ಚ್ ಹಿಡಿಯಲಿ. ತುಂಬುವ ಮೊದಲು ಅರ್ಧ ಗಂಟೆಯಾದರೂ ಪೈಪುಗಳೊಳಗಿನ ಗಾಳಿ, ತೇವ ಎಳೆದು ಹಾಕುವ ವ್ಯಾಕ್ಯೂಮ್ ಪಂಪ್ ಓಡಲಿ, ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಕದಲಬಾರದು. ಇಲ್ಲೊಂದು ತಮಾಷೆ ಇದೆ. ಇಂಟರ್ನೆಟ್ಟಿನಲ್ಲಿ ವ್ಯಾಕ್ಯೂಮ್ ಪಾದರಸದ ಲೆಕ್ಕದಲ್ಲಿ 29 ಇಂಚಿಗೆ ಬರಬೇಕು ಅಂತ ಓದಿಕೊಂಡು ಹೋಗಿ ಮೆಕ್ಯಾನಿಕ್ ಜೊತೆ ಜಗಳ ಮಾಡಬೇಡಿ. ಅದು ಸಮುದ್ರಮಟ್ಟದ ಲೆಕ್ಕ. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ. ಎಷ್ಟು ಒಳ್ಳೆಯ ಪಂಪ್ ಇದ್ದರೂ ಮಾಮೂಲಿ ಗೇಜ್ 26, 27 ಇಂಚಿನ ಹತ್ತಿರವೇ ನಿಲ್ಲುತ್ತದೆ.

ಗ್ಯಾಸ್ ಮಾತ್ರ ತುಂಬುವ ಅಂಗಡಿಗೆ ಹೋಗುವುದು ಯಾವಾಗ? ನಾಳೆ ಮದುವೆಗೆ ಮಂಗಳೂರಿಗೆ ಹೋಗಬೇಕು, ಇವತ್ತು ಬೇರೆಲ್ಲೂ ಆಗುವುದಿಲ್ಲ ಅಂದಾಗ. ಆಗಲೂ ಯಾವ ಗ್ಯಾಸ್ ಅಂತ ಸಿಲಿಂಡರ್ ನೋಡಿ. ಅಡುಗೆ ಗ್ಯಾಸಿನ ಜಾತಿಯ ಹೈಡ್ರೋಕಾರ್ಬನ್ ತುಂಬಿದರೂ ತಣ್ಣಗಾಗುತ್ತದೆ, ಆದರೆ ಅದು ಬೆಂಕಿ ಹತ್ತುವ ವಸ್ತು. ಬೇಡ ಅಂತ ಖಡಾಖಂಡಿತ ಹೇಳಿ.

ಇವಾಪರೇಟರ್ ಸೋರಿದರೆ

ಕಷ್ಟದ ತೀರ್ಮಾನ ಇದೊಂದೇ. ಬಾನೆಟ್ ಕೆಳಗೆ ಎಲ್ಲೂ ಎಣ್ಣೆಯ ಗುರುತಿಲ್ಲ, ತುಂಬಿಸಿದ ಗ್ಯಾಸ್ ಒಂದೆರಡು ತಿಂಗಳಲ್ಲಿ ಮಾಯ. ಆಗ ಅನುಮಾನ ಡ್ಯಾಶ್‌ಬೋರ್ಡ್ ಒಳಗಿನ ಇವಾಪರೇಟರ್ ಮೇಲೆ. ಗ್ಯಾಸ್ ಗಾಳಿಗಿಂತ ಭಾರ, ಹಾಗಾಗಿ ಕೆಳಗಿನ ಡ್ರೈನ್ ಪೈಪಿನ ಬಾಯಲ್ಲಿ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಹಿಡಿದರೆ ಕೂಗುತ್ತದೆ. ಭಾಗದ ಬೆಲೆಗಿಂತ ಡ್ಯಾಶ್‌ಬೋರ್ಡ್ ಬಿಚ್ಚಿ ಜೋಡಿಸುವ ಕೆಲಸ ದೊಡ್ಡದು. ಸರಿಯಾಗಿ ಜೋಡಿಸದಿದ್ದರೆ ಆಮೇಲೆ ಪ್ರತಿ ಗುಂಡಿಗೂ ಒಂದು ಕಿರಿಕಿರಿ ಸದ್ದು.

ಆಗಾಗ ತುಂಬಿಸಿಕೊಂಡು ತಳ್ಳುವುದು ಒಂದು ದಾರಿ. ನನಗದು ಒಪ್ಪಿಗೆ ಇಲ್ಲ. ಆರ್134ಎ ಇಂಗಾಲದ ಡೈಆಕ್ಸೈಡಿಗಿಂತ ಭೂಮಿಯನ್ನು 1,430 ಪಟ್ಟು ಜಾಸ್ತಿ ಬಿಸಿಮಾಡುವ ಅನಿಲ ಅಂತ ಲೆಕ್ಕ. 400 ಗ್ರಾಂ ಸೋರಿದರೆ ಸುಮಾರು 570 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಇಂಥ ಅನಿಲಗಳನ್ನು ಹಂತಹಂತವಾಗಿ ಕಡಿಮೆ ಮಾಡುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಗ್ಯಾಸ್ ಜೊತೆ ಎಣ್ಣೆಯೂ ಹೋಗುವುದರಿಂದ ಕೊನೆಗೆ ಕಂಪ್ರೆಸರ್ ಕೂಡ ಸಾಯುತ್ತದೆ, ಅದು ಇವಾಪರೇಟರಿಗಿಂತ ದುಬಾರಿ.

ಎಸಿ ಇಲ್ಲದೆ ಇರುವುದು ಇನ್ನೊಂದು ದಾರಿ. ಹಾಸನದೊಳಗೆ, ಬೇಲೂರಿಗೆ, ಚಿಕ್ಕಮಗಳೂರಿಗೆ ಹಗಲು ಹೊತ್ತು ಓಡಾಡುವ ಹಳೇ ಕಾರಿಗೆ ಇದು ತಪ್ಪಲ್ಲ. ಮಂಜು ಬಿಡಿಸಲು ಹೀಟರಿನ ಬಿಸಿ ಗಾಳಿಯನ್ನು ಗಾಜಿಗೆ ಬಿಟ್ಟು, ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿದರೆ ನಿಧಾನಕ್ಕಾದರೂ ಆಗುತ್ತದೆ. ಜುಲೈ ರಾತ್ರಿ ಚಾರ್ಮಾಡಿ ಇಳಿಯುವವರಿಗೆ ಆ ನಿಧಾನ ಸಾಲದು. ಅವರು ಬದಲಾಯಿಸಲೇಬೇಕು.

ಬದಲಾಯಿಸುವುದಾದರೆ ಡ್ಯಾಶ್‌ಬೋರ್ಡ್ ಬಿಚ್ಚಿದ ಆ ಒಂದು ಸಲದಲ್ಲೇ ಎಕ್ಸ್‌ಪಾನ್ಶನ್ ವಾಲ್ವ್, ಎಲ್ಲಾ ಓ-ರಿಂಗ್, ತಾಪದ ಸೆನ್ಸರ್ ಹೊಸದು ಹಾಕಿಸಿ, ಹೀಟರ್ ಕೋರ್ ನೋಡಿಸಿ, ಡ್ರೈನ್ ಪೈಪ್ ಊದಿಸಿ. ಬಾನೆಟ್ ಕಡೆ ತೇವ ಹೀರುವ ರಿಸೀವರ್ ಡ್ರೈಯರ್ ಕೂಡ ಬದಲಾಗಲಿ, ಪೈಪ್ ತೆರೆದಾಗ ಅದು ಗಾಳಿಯ ತೇವ ಕುಡಿದಿರುತ್ತದೆ. ಬಿಲ್ಲಿನಲ್ಲಿ ಎಷ್ಟು ಗ್ರಾಂ ಗ್ಯಾಸ್, ಯಾವ ಎಣ್ಣೆ ಅಂತ ಬರೆಸಿ. ಹಳೇ ಇವಾಪರೇಟರನ್ನು ಕೇಳಿ ನೋಡಿ. ನಿಜವಾಗಿಯೂ ಅದೇ ಸೋರಿದ್ದಾದರೆ ಅದರ ರೆಕ್ಕೆಗಳ ಮೇಲೆ ಎಲ್ಲೋ ಒಂದು ಕಡೆ ಎಣ್ಣೆಯ ಕಲೆ ಇರುತ್ತದೆ.